ಎರಡನೇ ರೂಟರ್ ಹಾಕಿದ ಮೇಲೆ ನೆಟ್ ಬಂದು ಬಂದು ಹೋಗುತ್ತಿದೆ

ಮಾಳಮಡ್ಡಿ, ಧಾರವಾಡ:
ನಮ್ಮದು ಅಜ್ಜ ಕಟ್ಟಿಸಿದ ಮನೆ, ಕಲ್ಲು ಮಣ್ಣಿನ ದಪ್ಪ ಗೋಡೆಗಳು. ಫೈಬರ್ ಪೆಟ್ಟಿಗೆ ಪಡಸಾಲೆಯಲ್ಲಿದೆ, ಮಗಳು ಓದುವ ಕೋಣೆ ಹಿತ್ತಲ ಕಡೆಗಿದೆ. ಅಲ್ಲಿಗೆ ವೈಫೈ ತಲುಪುತ್ತಿರಲಿಲ್ಲ. ಕಪಾಟಿನಲ್ಲಿದ್ದ ಹಳೆಯ ರೂಟರನ್ನು ಅವಳ ಕೋಣೆಯಲ್ಲಿಟ್ಟು, ಕೇಬಲ್ ಎಳೆಸಿ, ಎರಡೂ ತುದಿಗಳನ್ನು ಮನೆಯೊಳಗಿನ ಸಾಧನಗಳನ್ನು ಜೋಡಿಸುವ ಲ್ಯಾನ್ ಪೋರ್ಟ್‌ಗೇ ಸಿಕ್ಕಿಸಿದೆ. ಈಗ ಒಂದು ಮೊಬೈಲ್‌ಗೆ ನೆಟ್ ಬಂದರೆ ಪಕ್ಕದ ಮೊಬೈಲ್‌ನಲ್ಲಿ ವೈಫೈ ಮಾತ್ರ ಇರುತ್ತದೆ, ನೆಟ್ ಇರುವುದಿಲ್ಲ. ಪಡಸಾಲೆಯಲ್ಲಿ ಚೆನ್ನಾಗಿದ್ದದ್ದೂ ಕೆಟ್ಟಿತು. ಬ್ರೌಸರ್‌ನಲ್ಲಿ 192.168.1.1 ಎಂದು ಹಾಕಿದರೆ ಒಮ್ಮೆ ಫೈಬರ್ ಪೆಟ್ಟಿಗೆಯ ಪುಟ ಬರುತ್ತದೆ, ಇನ್ನೊಮ್ಮೆ ಹಳೆಯ ರೂಟರಿನದು. ಏನು ಮಾಡಲಿ?

ವಿದ್ಯಾನಗರ, ಹುಬ್ಬಳ್ಳಿ:
ಸರ್, ನಿಮ್ಮ ಕೊನೆಯ ಮಾತಿನಲ್ಲೇ ಕಾರಣ ಸಿಕ್ಕಿತು. ಎರಡೂ ಪೆಟ್ಟಿಗೆಗಳ ವಿಳಾಸ 192.168.1.1. ಒಂದೇ ಓಣಿಯಲ್ಲಿ ಎರಡು ಮನೆಗೆ ಒಂದೇ ನಂಬರ್ ಇದ್ದರೆ ಅಂಚೆ ಎಲ್ಲಿಗೆ ಹೋಗಬೇಕು? ಇದರ ಜೊತೆಗೆ ಎರಡರಲ್ಲೂ ಡಿಎಚ್‌ಸಿಪಿ ಚಾಲೂ ಇದೆ. ಅಂದರೆ ಮೊಬೈಲ್‌ಗಳಿಗೆ ವಿಳಾಸ ಹಂಚುವ ಕೆಲಸವನ್ನು ಎರಡೂ ಮಾಡುತ್ತಿವೆ. ಹಳೆಯ ರೂಟರಿನಿಂದ ವಿಳಾಸ ಪಡೆದ ಮೊಬೈಲ್ ನೆಟ್‌ಗಾಗಿ ಅದನ್ನೇ ಕೇಳುತ್ತದೆ, ಅದರ ಬಳಿ ನೆಟ್ ಇಲ್ಲ.

ಮೊದಲು ನಡುವಿನ ಕೇಬಲ್ ಕಿತ್ತಿಡಿ. ಲ್ಯಾಪ್‌ಟಾಪನ್ನು ಹಳೆಯ ರೂಟರಿಗೆ ಮಾತ್ರ ಜೋಡಿಸಿ, ರೂಟರಿನ ಲ್ಯಾನ್ ವಿಳಾಸವನ್ನು 192.168.1.2 ಮಾಡಿ. ಫೈಬರ್ ಪೆಟ್ಟಿಗೆ ಹಂಚುವ ವಿಳಾಸಗಳ ಸಾಲಿನಲ್ಲಿ ಆ ವಿಳಾಸ ಇರಬಾರದು. ಇದ್ದರೆ ಸಾಲಿನ ಹೊರಗಿನ ಬೇರೆ ಅಂಕಿ ಆರಿಸಿ. ರೂಟರ್ ಮರಳಿ ಚಾಲೂ ಆದ ಮೇಲೆ ಹೊಸ ವಿಳಾಸದಲ್ಲಿ ಒಳಹೋಗಿ ಡಿಎಚ್‌ಸಿಪಿ ಬಂದ್ ಮಾಡಿ. ಈ ಕ್ರಮ ತಪ್ಪಿಸಬೇಡಿ. ಡಿಎಚ್‌ಸಿಪಿಯನ್ನೇ ಮೊದಲು ಬಂದ್ ಮಾಡಿದರೆ ಲ್ಯಾಪ್‌ಟಾಪಿಗೆ ವಿಳಾಸ ಕೊಡುವವರೇ ಇರುವುದಿಲ್ಲ, ಆಗ ಕೈಯಿಂದ ತುಂಬಬೇಕಾಗುತ್ತದೆ. ಕೊನೆಗೆ ಕೇಬಲನ್ನು ಮತ್ತೆ ಲ್ಯಾನ್‌ನಿಂದ ಲ್ಯಾನ್‌ಗೆ ಹಾಕಿ, ಮೊಬೈಲ್‌ಗಳ ವೈಫೈಯನ್ನು ಒಮ್ಮೆ ಆರಿಸಿ ಹಚ್ಚಿ.

ಬೆಟಗೇರಿ, ಗದಗ:
ಇಷ್ಟೆಲ್ಲ ಏಕೆ? ಹಳೆಯ ರೂಟರಿನಲ್ಲಿ ಹೊರಗಿನ ನೆಟ್ ತರುವ ಕೇಬಲಿಗೆಂದೇ ಇರುವ ವ್ಯಾನ್ ಪೋರ್ಟ್‌ಗೆ ಕೇಬಲ್ ಹಾಕಿದರೆ ಸಾಕಲ್ಲವೇ? ನಮ್ಮ ಮನೆಯಲ್ಲಿ ಹಾಗೇ ಇದೆ.

ವಿದ್ಯಾನಗರ, ಹುಬ್ಬಳ್ಳಿ:
ನೆಟ್ ಬರುತ್ತದೆ, ನಿಜ. ಆದರೆ ಅಲ್ಲಿಯೂ ಲ್ಯಾನ್ ವಿಳಾಸದ ಸಾಲು ಬೇರೆಯದಾಗಿರಬೇಕು, 192.168.2.1 ಇದ್ದ ಹಾಗೆ. ಮನೆಯ ಜಾಲವೂ ಎರಡು ಹೋಳಾಗುತ್ತದೆ. ಪಡಸಾಲೆಯ ಪ್ರಿಂಟರ್ ಹಿತ್ತಲ ಕೋಣೆಯ ಮೊಬೈಲ್‌ನಲ್ಲಿ ತಾನಾಗಿ ಕಾಣುವುದಿಲ್ಲ. ಓದುವ ಮಗುವಿರುವ ಮನೆಗೆ ನಾನು ಅದನ್ನು ಹೇಳುವುದಿಲ್ಲ.

ಮಾಳಮಡ್ಡಿ, ಧಾರವಾಡ:
ಸರ್, ಆಯಿತು! ನಿನ್ನೆ ಸಂಜೆಯಿಂದ ಒಮ್ಮೆಯೂ ನೆಟ್ ಹೋಗಿಲ್ಲ. ಒಂದೇ ಪ್ರಶ್ನೆ ಉಳಿದಿದೆ. ನಮ್ಮದು 200 ಎಂಬಿಪಿಎಸ್ ವೇಗದ ಪ್ಲಾನ್, ಹಳೆಯ ರೂಟರಿಗೆ ತಂತಿಯಿಂದ ಜೋಡಿಸಿದ ಕಂಪ್ಯೂಟರಿನಲ್ಲಿ 94 ದಾಟುವುದಿಲ್ಲ.

ವಿದ್ಯಾನಗರ, ಹುಬ್ಬಳ್ಳಿ:
94ರ ಆಸುಪಾಸಿನಲ್ಲಿ ನಿಂತರೆ ಎಲ್ಲೋ 100 ಎಂಬಿಪಿಎಸ್ ಮಿತಿಯ ಜೋಡಣೆ ಇದೆ ಎಂದರ್ಥ. ಕೇಬಲಿನ ಎಂಟು ಎಳೆಗಳಲ್ಲಿ 100ಕ್ಕೆ ನಾಲ್ಕೇ ಸಾಕು, ಗಿಗಾಬಿಟ್‌ಗೆ (1000 ಎಂಬಿಪಿಎಸ್) ಎಂಟೂ ಬೇಕು. ಹಿತ್ತಲ ಕೋಣೆಯ ತುದಿಯನ್ನು ನೇರವಾಗಿ ಗಿಗಾಬಿಟ್ ಪೋರ್ಟ್ ಇರುವ ಲ್ಯಾಪ್‌ಟಾಪಿಗೆ ಸಿಕ್ಕಿಸಿ ನೋಡಿ. ಆಗಲೂ 94 ಬಂದರೆ ಮೊದಲ ಅನುಮಾನ ಕೇಬಲಿನ ಮೇಲೆ, ತುದಿಗಳನ್ನು ಮತ್ತೆ ಕ್ರಿಂಪ್ ಮಾಡಿಸಿ, ಅಂದರೆ ಪ್ಲಗ್ ಹೊಸದಾಗಿ ಒತ್ತಿ ಕೂರಿಸಲು ಹೇಳಿ. ವೇಗ ಹೆಚ್ಚಿದರೆ ಮೊದಲ ಅನುಮಾನ ರೂಟರಿನ ಮೇಲೆ, ಅದರ ಪೋರ್ಟ್‌ಗಳೇ 100ರವು ಇರಬಹುದು.

ಮಾಳಮಡ್ಡಿ, ಧಾರವಾಡ:
ಲ್ಯಾಪ್‌ಟಾಪಿನಲ್ಲಿ 190 ದಾಟಿತು. ಕೇಬಲ್ ಸರಿಯಿದೆ.

ವಿದ್ಯಾನಗರ, ಹುಬ್ಬಳ್ಳಿ:
ಹಾಗಾದರೆ ರೂಟರ್ ಬದಲಿಸಬೇಕಿಲ್ಲ, ಆನ್‌ಲೈನ್ ತರಗತಿಗೆ 94 ಧಾರಾಳ. ಕಂಪ್ಯೂಟರಿಗೆ ಪೂರ್ತಿ ವೇಗ ಬೇಕಿದ್ದರೆ ಐದು ಪೋರ್ಟಿನ ಗಿಗಾಬಿಟ್ ಸ್ವಿಚ್ ತನ್ನಿ, ಒಂದು ಕೇಬಲನ್ನು ಹಲವು ಸಾಧನಗಳಿಗೆ ಹಂಚುವ ಪೆಟ್ಟಿಗೆ ಅದು. ಪಡಸಾಲೆಯ ಕೇಬಲ್, ಕಂಪ್ಯೂಟರ್, ಹಳೆಯ ರೂಟರ್ ಮೂರನ್ನೂ ಅದಕ್ಕೆ ಸಿಕ್ಕಿಸಿ. ಸ್ವಿಚ್‌ನಿಂದ ರೂಟರಿಗೆ ಒಂದೇ ಕೇಬಲ್ ಇರಲಿ. ಎರಡು ಹಾಕಿದರೆ ಮಾಹಿತಿ ಸುತ್ತಿ ಸುತ್ತಿ ಇಡೀ ಮನೆಯ ಜಾಲವೇ ನಿಂತುಹೋಗುತ್ತದೆ. ಕೇಬಲ್ ಅಂಗಳದಲ್ಲಿ ಹಾದು ಹೋಗಿದೆಯೇ? ಹಾಗಿದ್ದರೆ ಗುಡುಗು ಮಳೆ ಬರುವ ಮೊದಲೇ ಎರಡೂ ತುದಿ ಕಿತ್ತಿಡಿ. ಸಿಡಿಲು ಹತ್ತಿರ ಬಿದ್ದರೆ ತಾಮ್ರದ ತಂತಿಯಲ್ಲಿ ಹರಿದು ಬರುವ ಒತ್ತಡ ಪೋರ್ಟ್‌ಗಳನ್ನು ಸುಡುತ್ತದೆ.

ಮಾಳಮಡ್ಡಿ, ಧಾರವಾಡ:
ಅಂಗಳದಲ್ಲೇ ಹಾದಿದೆ ಸರ್. ಸ್ವಿಚ್ ತರುವ ಮೊದಲು ಅದನ್ನು ಒಳಗೋಡೆಯ ಮೇಲಿಂದ ಎಳೆಸುತ್ತೇನೆ.