ಬಾಗಿಲಿನ ಮೂಲೆ ಸಂದು ಬಿಟ್ಟಿದೆ: ಮರದ ಮೊಳೆಯ ಕೂಡಿಕೆ ಮಾಡಿಸಿದವರು ತಿಳಿಸುವಿರಾ?

ಪ್ರಶ್ನೆ: ಸಾಗರದ ಬಳಿಯ ನಮ್ಮ ಹಳೆಯ ಮನೆಯ ಹಲಸಿನ ತೊಲೆಗಳನ್ನು ಕೊಯ್ಸಿ ಎರಡು ವರ್ಷದ ಹಿಂದೆ ಬಾಗಿಲು ಮಾಡಿಸಿದೆವು. ಈಗ ನಿಲುವುಪಟ್ಟಿಗೆ ಅಡ್ಡಪಟ್ಟಿ ಸೇರುವ ಕಡೆ ಉಗುರು ತೂರುವಷ್ಟು ಸಂದು ಬಿಟ್ಟಿದೆ. ಬಡಗಿಯವರು ಸ್ಕ್ರೂ ಹಾಕಿ ಅಂಟು ತುಂಬೋಣ ಎನ್ನುತ್ತಾರೆ. ಅಜ್ಜನ ಕಾಲದ ಬಾಗಿಲುಗಳಲ್ಲಿದ್ದ ಮರದ ಮೊಳೆಯ ಕೂಡಿಕೆಯನ್ನು ಈಗಲೂ ಮಾಡಿಸಬಹುದೇ?

ಉತ್ತರ 1: ಖಂಡಿತ ಮಾಡಿಸಬಹುದು. ಆದರೆ ಮೊದಲು ಒಂದು ಮೂಲೆಯನ್ನು ಬಿಚ್ಚಿಸಿ, ಅಡ್ಡಪಟ್ಟಿಯ ನಾಲಿಗೆ, ಅಂದರೆ ನಿಲುವುಪಟ್ಟಿಯ ಗುಳಿಯೊಳಗೆ ಕೂರುವ ತೆಳು ತುದಿ, ಎಷ್ಟು ಉದ್ದವಿದೆ ಎಂದು ನೋಡಿ. ನಿಮ್ಮದು ದಶಕಗಳ ಕಾಲ ಒಣಗಿದ ಮರವಾದ್ದರಿಂದ ಹಸಿತನವನ್ನು ದೂರುವಂತಿಲ್ಲ. ಒಂದಂಗುಲದ ಮೋಟು ನಾಲಿಗೆ ಬಿಟ್ಟು ಉಳಿದುದನ್ನು ಅಂಟಿಗೆ ಒಪ್ಪಿಸಿರಬೇಕು ಎಂಬುದು ನನ್ನ ಅನುಮಾನ. ನಾಲಿಗೆಯ ದಪ್ಪ ಪಟ್ಟಿಯ ದಪ್ಪದ ಮೂರನೆಯ ಒಂದು ಭಾಗದಷ್ಟಿದ್ದು, ಅದು ನಿಲುವುಪಟ್ಟಿಯ ಗುಳಿಯನ್ನು ದಾಟಿ ಆಚೆ ಅಂಚಿನವರೆಗೂ ಬರಬೇಕು.

ಹಳಬರ ಜಾಣ್ಮೆಯೆಲ್ಲ ಮೊಳೆಯ ತೂತಿನಲ್ಲಿದೆ. ಮೊದಲು ನಿಲುವುಪಟ್ಟಿಯಲ್ಲಿ ಮಾತ್ರ ತೂತು ಕೊರೆದು, ನಾಲಿಗೆಯನ್ನು ಒಳಗೆ ಕೂರಿಸಿ, ಬೈರಿಗೆಯ ಮೊನೆಯಿಂದ ಅದರ ಮೇಲೆ ಗುರುತು ಒತ್ತುತ್ತಾರೆ. ಆಮೇಲೆ ನಾಲಿಗೆಯನ್ನು ಹೊರಗೆಳೆದು, ಆ ಗುರುತಿಗಿಂತ ಒಂದು ಅಥವಾ ಒಂದೂವರೆ ಮಿಲಿಮೀಟರ್‌ನಷ್ಟು ಅಡ್ಡಪಟ್ಟಿಯ ಹೆಗಲಿನ (ನಾಲಿಗೆಯ ಬುಡದಲ್ಲಿ ನಿಲುವುಪಟ್ಟಿಗೆ ತಾಗುವ ಅಂಚಿನ) ಕಡೆಗೆ ಸರಿಸಿ ತೂತು ಹಾಕುತ್ತಾರೆ. ತುದಿ ಚೂಪು ಮಾಡಿದ ಮೊಳೆಯನ್ನು ಕೊಡತಿಯಿಂದ ಹೊಡೆದಾಗ ಅದು ಈ ಸೊಟ್ಟ ದಾರಿಯಲ್ಲಿ ತುಸು ಬಾಗುತ್ತಲೇ ಇಳಿದು, ಹೆಗಲನ್ನು ನಿಲುವುಪಟ್ಟಿಗೆ ಎಳೆದು ಬಿಗಿಯುತ್ತದೆ. ಸಂದು ಮುಚ್ಚುವುದು ಕಣ್ಣೆದುರಿಗೇ ಕಾಣುತ್ತದೆ. ಮೂರು ಮಿಲಿಮೀಟರ್ ಸರಿಸಿದರೆ ಮೊಳೆ ಮುರಿಯುತ್ತದೆ, ಇಲ್ಲವೇ ನಾಲಿಗೆಯ ತುದಿ ಸೀಳುತ್ತದೆ. ನಾನು ಎರಡನ್ನೂ ಮಾಡಿ ನೋಡಿದ್ದೇನೆ. ಮೊಳೆಗೆ ಬಲಿತ ಬಿದಿರನ್ನಾಗಲಿ ಚೆನ್ನಾಗಿ ಒಣಗಿದ ಗಟ್ಟಿ ಮರವನ್ನಾಗಲಿ ಎಳೆಯ ನೇರಕ್ಕೆ ಸೀಳಿ ಮಾಡಿಸಿ. ಗರಗಸದಲ್ಲಿ ಕೊಯ್ದ ಕಡ್ಡಿಯಲ್ಲಿ ಎಳೆ ಓರೆಯಾಗಿದ್ದರೆ ಅದು ಅಲ್ಲಿಯೇ ತುಂಡಾಗುತ್ತದೆ.

ಉತ್ತರ 2: ಕುಂದಾಪುರದ ಕಡೆಯವನಾದ ನನ್ನದು ಬೇರೆ ಪಾಠ. ಮೂಲೆಗಳೆಲ್ಲ ಭದ್ರವಾಗಿಯೇ ಇದ್ದವು, ಆದರೆ ಬಾಗಿಲಿನ ನಡುವಿನ ಹಲಗೆಯನ್ನು ಗ್ರೂವ್‌ನೊಳಗೆ ಅಂಟು ಹಾಕಿ ಕೂರಿಸಿದ್ದರಿಂದ ಮೊದಲ ಬೇಸಿಗೆಯಲ್ಲಿಯೇ ಅದು ಮೇಲಿನಿಂದ ಕೆಳಗಿನವರೆಗೆ ಸೀಳಿತು. ಮರವು ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಅಗಲಕ್ಕೆ ಮಾತ್ರ, ಒಂದಡಿಯ ಹಲಗೆ ಮಳೆಗಾಲಕ್ಕೂ ಬೇಸಿಗೆಗೂ ನಡುವೆ ಎರಡು ಮೂರು ಮಿಲಿಮೀಟರ್ ಆಡುತ್ತದೆ. ಆದ್ದರಿಂದ ಹಲಗೆಯನ್ನು ಗ್ರೂವ್‌ನಲ್ಲಿ ಸಡಿಲವಾಗಿಯೇ ಬಿಡಿಸಿ. ಬಣ್ಣ ಅಥವಾ ವಾರ್ನಿಷನ್ನು ಕೂಡಿಸುವ ಮೊದಲೇ ಹಲಗೆಯ ಅಂಚಿಗೆ ಹಚ್ಚಿಸಿದರೆ, ಅದು ಕುಗ್ಗಿದಾಗ ಬಿಳಿ ಗೆರೆ ಇಣುಕುವುದಿಲ್ಲ. ಕೆಳಗಿನ ಅಡ್ಡಪಟ್ಟಿ ಎಂಟು ಒಂಬತ್ತು ಅಂಗುಲ ಅಗಲವಿದ್ದರೆ ಒಂದೇ ಅಗಲ ನಾಲಿಗೆಯ ಬದಲು ಎರಡು ಕಿರಿದಾದ ನಾಲಿಗೆಗಳನ್ನು ಬಿಡಿಸಿ. ಇಲ್ಲವಾದರೆ ಉದ್ದನೆಯ ಗುಳಿಯಿಂದ ನಿಲುವುಪಟ್ಟಿಯೇ ಬಡವಾಗುತ್ತದೆ.

ಉತ್ತರ 3: ಅಂಟನ್ನು ಇಷ್ಟು ಹಳಿಯುವ ಅಗತ್ಯವಿಲ್ಲ. ನಾಲಿಗೆ ಉದ್ದವಾಗಿದ್ದು ಮೊಳೆಯೂ ಇದ್ದಾಗ ಮೂಲೆಗೆ ಅಂಟು ಹಾಕಿದರೆ ನಷ್ಟವೇನಿಲ್ಲ, ಮುಂದೆ ಬಿಚ್ಚುವುದು ಮಾತ್ರ ಕಷ್ಟ. ನಾನು ಹಾಕಿಸಲಿಲ್ಲ. ಕಳೆದ ವರ್ಷ ಬಾಗಿಲಿನ ಕೆಳಪಟ್ಟಿಗೆ ಗೆದ್ದಲು ಹಿಡಿದಾಗ, ಹಿಂಬದಿಯಿಂದ ಮೊಳೆಗಳನ್ನು ಬಡಿದು ಹೊರಡಿಸಿ, ಆ ಒಂದು ಪಟ್ಟಿಯನ್ನಷ್ಟೇ ಬದಲಾಯಿಸಿ, ಹೊಸ ಮೊಳೆ ಹೊಡೆದು ಅದೇ ದಿನ ಸಂಜೆ ಬಾಗಿಲನ್ನು ತಿರುಗಿ ನಿಲ್ಲಿಸಿದೆವು. ಹಿಂಬದಿಯಲ್ಲಿ ಮೊಳೆಯ ತುದಿ ಕಾಣುವಂತೆ ತೂತನ್ನು ಪೂರ್ತಿ ಆಚೆಗೆ ಹಾಯಿಸಲು ನಿಮ್ಮ ಬಡಗಿಯವರಿಗೆ ಈಗಲೇ ಹೇಳಿಬಿಡಿ.