ಕಯಾಕ್ ಗಾಳ ಸ್ಪರ್ಧೆ: ಅಂಕ ಹೇಗೆ ಕೊಟ್ಟರೆ ಯಾರಿಗೂ ಅನ್ಯಾಯ ಆಗುವುದಿಲ್ಲ?

ಪಂಚಗಂಗಾವಳಿ ಗಾಳ:

ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ಕುಂದಾಪುರ–ಗಂಗೊಳ್ಳಿ ನಡುವಿನ ಹಿನ್ನೀರಿನಲ್ಲಿ ಒಂದು ದಿನದ ಕಯಾಕ್ ಗಾಳ ಸ್ಪರ್ಧೆ ಇಡುತ್ತಿದ್ದೇವೆ. ಒಟ್ಟು 24 ಕಯಾಕ್: 15 ಪ್ಯಾಡ್ಲ್ (ಕೈಯಲ್ಲಿ ಹುಟ್ಟು ಹಾಕುವುದು), 7 ಪೆಡಲ್ (ಕಾಲಲ್ಲಿ ತುಳಿಯುವುದು), ಎರಡಕ್ಕೆ ಎಲೆಕ್ಟ್ರಿಕ್ ಮೋಟರ್. ಲ್ಯೂರ್ (ಕೃತಕ ಎರೆ) ಮಾತ್ರ, ಜೀವಂತ ಸಿಗಡಿ ಇಲ್ಲ. ಹಿಡಿದದ್ದನ್ನೆಲ್ಲ ನೀರಿಗೆ ಬಿಡಬೇಕು. ಇಲ್ಲಿಯವರೆಗೆ ಎಲ್ಲರೂ ಒಪ್ಪಿದ್ದಾರೆ.

ಅಂಕದ ವಿಷಯಕ್ಕೆ ಬಂದಾಗ ಗುಂಪಿನಲ್ಲಿ ಒಮ್ಮತ ಇಲ್ಲ. ತೂಕ ನೋಡಬೇಕೋ, ಉದ್ದ ಅಳೆಯಬೇಕೋ? ಬಾರಮುಂಡಿ (ಬಾರಾ), ಮ್ಯಾಂಗ್ರೋವ್ ಜ್ಯಾಕ್ (ಎಂಜೆ), ಟ್ರೆವಲ್ಲಿ ಮೂರೂ ಮೀನು ಸಿಗುವ ನೀರಿನಲ್ಲಿ ಬಾರಾ ಒಂದೇ ಗೆಲ್ಲದ ಹಾಗೆ ಹೇಗೆ ನೋಡಿಕೊಳ್ಳುವುದು? ಮೋಟರ್ ಇದ್ದವರನ್ನು ಏನು ಮಾಡುವುದು? ಫೋಟೊ ನೋಡಿ ತೀರ್ಪು ಕೊಡುವಾಗ ಜಗಳ ಬರದ ಹಾಗೆ ನಿಯಮ ಹೇಗೆ ಬರೆಯುವುದು? ತಿಳಿದವರು ದಯವಿಟ್ಟು ವಿವರವಾಗಿ ಹೇಳಿ.

ಶರಾವತಿ ತೀರ:

ತೂಕ ಬೇಡ. ತೂಗಬೇಕಾದರೆ ಮೀನನ್ನು ಕ್ಯಾಂಪಿನವರೆಗೆ ಜೀವಂತ ತರಬೇಕು. ಕಯಾಕಿನಲ್ಲಿ ಅಷ್ಟು ದೊಡ್ಡ ನೀರಿನ ತೊಟ್ಟಿ ಇಡಲು ಜಾಗ ಇಲ್ಲ. ಕೈತಕ್ಕಡಿಯಲ್ಲಿ ನೀರಿನ ಮೇಲೇ ತೂಗಿದರೆ ಕಯಾಕ್ ಅಲುಗಾಡಿದಂತೆ ಮುಳ್ಳೂ ಅಲುಗಾಡುತ್ತದೆ, ದವಡೆಯಲ್ಲಿ ನೇತುಹಾಕಿದ ದೊಡ್ಡ ಬಾರಾದ ಕತ್ತಿಗೆ ಪೆಟ್ಟು ಬೀಳುತ್ತದೆ. ಮೋಸಕ್ಕೂ ತೂಕವೇ ಸುಲಭ. 2022ರ ಸೆಪ್ಟೆಂಬರಿನಲ್ಲಿ ಅಮೆರಿಕದ ಈರೀ ಸರೋವರದ ವಾಲೈ ಎಂಬ ಮೀನಿನ ಸ್ಪರ್ಧೆಯಲ್ಲಿ ಮೀನಿನ ಹೊಟ್ಟೆ ಸೀಳಿದಾಗ ಸೀಸದ ಗುಂಡುಗಳು ಸಿಕ್ಕಿದ್ದು ನೆನಪಿರಬಹುದು. ಸೀಸ ತುಂಬಿದರೆ ಮೀನು ಉದ್ದ ಆಗುವುದಿಲ್ಲ. ಅಲ್ಲಿ ಕಯಾಕಿನಿಂದ ಬಾಸ್ ಮೀನು ಹಿಡಿಯುವ ಸ್ಪರ್ಧೆಗಳಲ್ಲಿ ಹಿಡಿ, ಹಲಗೆಯ ಮೇಲೆ ಫೋಟೊ ತೆಗೆ, ಬಿಡು ಅನ್ನುವ ಪದ್ಧತಿಯೇ ನಡೆಯುತ್ತಿದೆ.

ಆದರೆ ಅವರ "ಐದು ಮೀನಿನ ಒಟ್ಟು ಉದ್ದ" ಅನ್ನುವುದನ್ನು ಹಾಗೇ ಎತ್ತಿಕೊಳ್ಳಬೇಡಿ. ಮೀನಿನ ತೂಕ ಹೆಚ್ಚುಕಡಿಮೆ ಉದ್ದದ ಘನದಷ್ಟು ಏರುತ್ತದೆ, ಅಂಕ ಮಾತ್ರ ಉದ್ದದಷ್ಟೇ ಏರುತ್ತದೆ. ಒಬ್ಬರು 40 ಸೆಂ.ಮೀ.ನ ಐದು ಹಿಡಿದರೆ 200. ಇನ್ನೊಬ್ಬರು 49 ಸೆಂ.ಮೀ.ನ ನಾಲ್ಕು ಹಿಡಿದರೆ 196. ಮೀನು ಒಂದೇ ಜಾತಿಯದಾದರೆ ಎರಡನೆಯವರು ಹಿಡಿದದ್ದು ತೂಕದಲ್ಲಿ ಸುಮಾರು ಒಂದೂವರೆ ಪಟ್ಟು, ಆದರೂ ಸೋತರು. ಐದನೆಯ ಮೀನು ಸಿಗದವನಿಗೆ ಶಿಕ್ಷೆ ಅಷ್ಟು ದೊಡ್ಡದು. ಬಾಸ್ ತುಂಬಿದ ಕೆರೆಯಲ್ಲಿ ಐದು ಸಿಗುವುದು ಕಷ್ಟವಲ್ಲ, ಅಲ್ಲಿಗೆ ಈ ನಿಯಮ ಸರಿ. ನಮ್ಮ ಅಳಿವೆಯಲ್ಲಿ ಲ್ಯೂರಿಗೆ ದಿನಕ್ಕೆ ಎರಡು ಮೂರು ಒಳ್ಳೆ ಮೀನು ಬಿದ್ದರೆ ದೊಡ್ಡದು. ಹಾಗಾಗಿ ದೊಡ್ಡ ಮೂರು ಮೀನಿಗೆ ಮಾತ್ರ ಅಂಕ ಕೊಡಿ. ಮೇಲಿನ ಉದಾಹರಣೆಯಲ್ಲಿ ಆಗ 120ಕ್ಕೆ ಎದುರು 147, ಗೆಲ್ಲಬೇಕಾದವರೇ ಗೆಲ್ಲುತ್ತಾರೆ. ಎಲ್ಲಕ್ಕಿಂತ ದೊಡ್ಡ ಮೀನಿಗೆ ಬೇರೆ ಬಹುಮಾನ ಇರಲಿ.

ಇನ್ನು ಜಾತಿ. ಮ್ಯಾಂಗ್ರೋವ್ ಜ್ಯಾಕ್ ಮರಿಯಿದ್ದಾಗ ಅಳಿವೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರುಗಳ ನಡುವೆ ಬೆಳೆದು, ದೊಡ್ಡದಾದ ಮೇಲೆ ಹೊರಗಿನ ಕಲ್ಲುಗಳಿಗೆ ಹೋಗುತ್ತದೆ. ಅಂದರೆ ಒಳಗೆ ಸಿಗುವ ಎಂಜೆ ಸಣ್ಣದೇ. ಬರೀ ಸೆಂಟಿಮೀಟರ್ ಕೂಡಿಸಿದರೆ ಅದನ್ನು ಹುಡುಕಿಕೊಂಡು ಹೋದವನಿಗೆ ನಷ್ಟ. ಪ್ರತಿ ಜಾತಿಗೂ ಆ ನೀರಿನಲ್ಲಿ "ಬಹಳ ಒಳ್ಳೆ ಮೀನು" ಅನ್ನುವ ಒಂದು ಉದ್ದ ಗೊತ್ತುಮಾಡಿ, ಹಿಡಿದ ಮೀನು ಅದರ ಶೇಕಡಾ ಎಷ್ಟು ಎಂದು ಲೆಕ್ಕ ಹಾಕಿ. ಉದಾಹರಣೆಗೆ ಬಾರಾಕ್ಕೆ 80, ಎಂಜೆಗೆ 45, ಟ್ರೆವಲ್ಲಿಗೆ 50 ಎಂದಿಟ್ಟರೆ, 60ರ ಬಾರಾಕ್ಕೆ 75 ಅಂಕ, 36ರ ಎಂಜೆಗೆ 80. ಈ ಉದ್ದಗಳನ್ನು ನಿಮ್ಮ ಗುಂಪಿನವರ ಹಳೆಯ ಫೋಟೊಗಳಿಂದಲೇ ತೆಗೆಯಿರಿ, ಬೇರೆ ಊರಿನ ಪಟ್ಟಿ ಬೇಡ.

ಕಾಣೆ ಮೀನನ್ನು ಮಾತ್ರ ಪಟ್ಟಿಗೆ ಸೇರಿಸಬೇಡಿ. ಸಣ್ಣ ಜಾತಿಯಲ್ಲಿ ಸಾಮಾನ್ಯ ಮೀನಿಗೂ ದೊಡ್ಡ ಮೀನಿಗೂ ನಾಲ್ಕೈದು ಸೆಂ.ಮೀ. ಅಂತರ ಅಷ್ಟೇ. ಸಾಮಾನ್ಯ ಕಾಣೆಗೇ 85–90 ಅಂಕ ಬಂದುಬಿಡುತ್ತದೆ, ಸಣ್ಣ ಜಿಗ್ (ತೂಕ ಕೂಡಿಸಿದ ಲ್ಯೂರ್) ಕಟ್ಟಿಕೊಂಡು ಎಲ್ಲರೂ ಮರಳುದಿಣ್ಣೆಯ ಮೇಲೇ ಕೂರುತ್ತಾರೆ.

ಬೈಂದೂರು ಕಡೆಯವ:

ಲೆಕ್ಕ ಸರಿ ಇದೆ ಮಾರಾಯ್ರೆ, ಆದರೆ ಶೇಕಡಾ ಪದ್ಧತಿ ನೀರಿನ ಮೇಲೆ ಕೂತವನ ತಲೆಗೆ ಹತ್ತುವುದಿಲ್ಲ. ಸ್ಪರ್ಧಿಗೆ ಬೆಳಿಗ್ಗೆ ಹನ್ನೊಂದಕ್ಕೆ ತಾನು ಎಲ್ಲಿದ್ದೇನೆ, ಜಾಗ ಬಿಡಬೇಕೋ ಬೇಡವೋ ಎಂದು ತಾನೇ ಎಣಿಸಲು ಆಗಬೇಕು. ಬಾರಾಕ್ಕೆ ಸೆಂ.ಮೀ.ಗೆ 1 ಅಂಕ, ಎಂಜೆಗೆ 1.75, ಟ್ರೆವಲ್ಲಿಗೆ 1.6 ಎಂದು ಬರೆದುಬಿಡಿ. 60ರ ಬಾರಾ 60 ಅಂಕ, 36ರ ಎಂಜೆ 63. ನೀವು ಹೇಳಿದ್ದೇ ಲೆಕ್ಕ, ಬಾಯಲ್ಲಿ ಹೇಳಲು ಸುಲಭ. ಮುರು ಎಂಬ ಮೀನಿನಂಥ ಬೇರೆ ಯಾವುದಾದರೂ ಬಂದರೆ ಅದಕ್ಕೆ 1 ಎಂದು ಮೊದಲೇ ಬರೆದಿಡಿ. ಸ್ಪರ್ಧೆಯ ದಿನ ಹೊಸ ಜಾತಿಗೆ ಅಂಕ ಕಟ್ಟಲು ಕೂತರೆ ಅದು ನ್ಯಾಯ ಅಲ್ಲ.

ಅಳತೆಯ ಬಿಂದುವೂ ಜಾತಿಗೆ ತಕ್ಕಂತೆ ಬರೆಯಬೇಕು. ಬಾರಾದ ಬಾಲ ದುಂಡು, ತುದಿಯವರೆಗೆ ಅಳೆದರೆ ಮುಗಿಯಿತು. ಎಂಜೆಯದೂ ಹೆಚ್ಚುಕಡಿಮೆ ನೇರ. ಟ್ರೆವಲ್ಲಿಯ ಬಾಲ ಕವಲು. ಕವಲಿನ ತುದಿಗಳು ಮುರಿದಿರುತ್ತವೆ, ಒತ್ತಿ ಹಿಡಿದರೆ ಒಂದೆರಡು ಸೆಂ.ಮೀ. ಬೆಳೆಯುತ್ತವೆ. ಅದಕ್ಕೆ ಕವಲಿನ ನಡುವಿನ ತಗ್ಗಿನವರೆಗೆ ಮಾತ್ರ ಅಳತೆ ಎಂದಿರಲಿ. ಯಾವ ಮೀನಿನ ಬಾಲವನ್ನೂ ಕೈಯಿಂದ ಒತ್ತಿ ಕೂಡಿಸುವಂತಿಲ್ಲ.

ಕಾಂಡ್ಲಾ ನೆರಳು:

ಫೋಟೊ ಮತ್ತು ಹಲಗೆಯ ಬಗ್ಗೆ ನಾನು ಹೇಳುತ್ತೇನೆ. ಜಗಳದಲ್ಲಿ ಮುಕ್ಕಾಲು ಪಾಲು ಹುಟ್ಟುವುದು ಇಲ್ಲೇ.

ಹಲಗೆ 24ಕ್ಕೂ ಒಂದೇ ತರಹದ್ದು, ನೀವೇ ಕೊಡಿ. ಒಂದು ಮೀಟರ್ ಉದ್ದದ, 12 ಮಿ.ಮೀ. ದಪ್ಪದ ಬಿಳಿ ಪಿವಿಸಿ ಫೋಮ್ ಹಲಗೆ ಸಾಕು. ಎಡತುದಿಗೆ ಎಂಟು ಸೆಂ.ಮೀ. ಎತ್ತರದ ಅಡ್ಡಗೋಡೆಯನ್ನು ಸ್ಟೀಲ್ ಸ್ಕ್ರೂನಿಂದ ಕೂರಿಸಿ. ಅಂಟು ಮಾತ್ರ ಹಾಕಿದರೆ ಬಿಸಿಲಿಗೆ ಬಿಟ್ಟುಕೊಳ್ಳುತ್ತದೆ, ಮೀನಿನ ಮೂತಿ ತಾಗಿದಾಗ ಹಿಂದಕ್ಕೆ ವಾಲುತ್ತದೆ. ತೆಳು ಹಲಗೆ ತೊಡೆಯ ಮೇಲೆ ಬಾಗಿದರೂ ಓದು ತಪ್ಪುತ್ತದೆ. ಅಳತೆಯ ಸ್ಟಿಕ್ಕರ್ ಪ್ರಿಂಟ್ ಮಾಡಿಸುವಾಗ ಅಂಗಡಿಯವರು ಪುಟಕ್ಕೆ ಹೊಂದುವಂತೆ ಕುಗ್ಗಿಸಿಬಿಡುತ್ತಾರೆ, ಮೀಟರಿಗೆ ಒಂದು ಸೆಂ.ಮೀ. ಹೋದರೂ ಕಣ್ಣಿಗೆ ಕಾಣುವುದಿಲ್ಲ. ಪ್ರತಿ ಹಲಗೆಯನ್ನೂ ಸ್ಟೀಲ್ ಟೇಪಿನಲ್ಲಿ 0, 50, 100ರ ಗೆರೆಗಳಲ್ಲಿ ನೋಡಿ, ಹಿಂಬದಿಯಲ್ಲಿ ನಂಬರ್ ಬರೆದು ಕೊಡಿ. ಸೊನ್ನೆ ಅಡ್ಡಗೋಡೆಯ ಒಳಮೈಗೆ ಸರಿಯಾಗಿ ಕೂತಿದೆಯೇ ಅನ್ನುವುದು ಮುಖ್ಯ.

ಫೋಟೊದ ನಿಯಮ: ಮೀನಿನ ತಲೆ ಎಡಕ್ಕೆ, ಹೊಟ್ಟೆ ತನ್ನ ಕಡೆಗೆ, ಬಾಯಿ ಮುಚ್ಚಿ ಮೂತಿ ಗೋಡೆಗೆ ತಾಗಿರಬೇಕು, ಬಾಲದ ತುದಿ ಮತ್ತು ಅದರ ಕೆಳಗಿನ ಅಂಕಿ ಎರಡೂ ಕಾಣಬೇಕು, ಟೋಕನ್ (ಅದೇನೆಂದು ಕೆಳಗೆ ಹೇಳಿದ್ದೇನೆ) ಕಾಣಬೇಕು. ಎಲ್ಲ ಮೀನೂ ಒಂದೇ ಮಗ್ಗುಲು ತೋರಿಸಿದರೆ ಅದೇ ಮೀನನ್ನು ಎರಡು ಸಲ ಫೋಟೊ ತೆಗೆದಿದ್ದರೆ ಹಿಡಿಯಬಹುದು. ಬಾರಾದಲ್ಲೂ ಎಂಜೆಯಲ್ಲೂ ಒಂದೊಂದು ಮೀನನ್ನು ಬೇರೆಯಾಗಿ ಗುರುತಿಸುವಂಥ ಪಟ್ಟೆ ಇರುವುದಿಲ್ಲ, ಉದುರಿದ ಹುರುಪೆ, ಹರಿದ ರೆಕ್ಕೆ, ಹಳೆಯ ಗಾಯ ಇವನ್ನೇ ಹೋಲಿಸಬೇಕು. ಕ್ಯಾಮೆರಾ ಬಾಲದ ನೇರ ಮೇಲಿರಲಿ. ಬಾಲ ಹಲಗೆಯಿಂದ ಒಂದು ಸೆಂ.ಮೀ. ಎದ್ದಿದ್ದು, ತಲೆಯ ಕಡೆಯಿಂದ 45 ಡಿಗ್ರಿ ಓರೆಯಾಗಿ ಫೋಟೊ ತೆಗೆದರೆ, ಮೀನು ಒಂದು ಸೆಂ.ಮೀ. ಉದ್ದ ಕಾಣುತ್ತದೆ.

ಓದುವಾಗ ಅರ್ಧ ಸೆಂ.ಮೀ.ಗೆ ಕೆಳಕ್ಕೆ ಇಳಿಸಿ. 47.4 ಇದ್ದರೆ 47. "ಹತ್ತಿರದ ಗೆರೆ" ಎಂದರೆ ಯಾವುದು ಹತ್ತಿರ ಎಂಬ ವಾದ ಶುರು. ಕೆಳಕ್ಕಿಳಿಸಿದರೆ ಪ್ರಶ್ನೆ ಒಂದೇ: ಬಾಲ ಗೆರೆಗೆ ಮುಟ್ಟಿದೆಯೋ ಇಲ್ಲವೋ. ಬಾಯಿ ತೆರೆದಿದ್ದರೆ 1 ಸೆಂ.ಮೀ. ಕಡಿತ. ಮೂತಿಗೂ ಗೋಡೆಗೂ ನಡುವೆ ಸಂದು ಕಂಡರೆ, ಟೋಕನ್ ಇಲ್ಲದಿದ್ದರೆ, ಬೆರಳು ಮೂತಿಯನ್ನೋ ಬಾಲವನ್ನೋ ಮುಚ್ಚಿದ್ದರೆ ಆ ಮೀನಿಗೆ ಸೊನ್ನೆ.

ಟೋಕನ್ ಅಂದರೆ ಆ ದಿನ ಬೆಳಿಗ್ಗೆ ಮಾತ್ರ ಗೊತ್ತಾಗುವ ಗುರುತು. ಹೊರಡುವ 15 ನಿಮಿಷ ಮುಂಚೆ ಪ್ರತಿಯೊಬ್ಬರ ಕೈಗೆ ಸಂಖ್ಯೆ ಬರೆದ ಬಿಳಿ ಬಿಲ್ಲೆ ಕಟ್ಟಿ. ಫೋನಿನ ಗಡಿಯಾರವನ್ನು ತಿರುಗಿಸಬಹುದು, ಹಿಂದಿನ ದಿನದ ಮೀನಿನ ಜೊತೆ ಇವತ್ತಿನ ಬಿಲ್ಲೆ ಇರಲು ಸಾಧ್ಯವಿಲ್ಲ. ಲ್ಯಾಮಿನೇಟ್ ಮಾಡಿಸಬೇಡಿ, ಬಿಸಿಲಿಗೆ ಹೊಳೆದು ಅಂಕಿ ಮಾಯವಾಗುತ್ತದೆ. ಫೋಟೊವನ್ನು ವಾಟ್ಸಾಪಿನಲ್ಲಿ ಸಾದಾ ಫೋಟೊ ಆಗಿ ಕಳಿಸಿದರೆ ತೆಗೆದ ಸಮಯದ ಮಾಹಿತಿ ಅಳಿದುಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಗೂಗಲ್ ಫಾರ್ಮ್ ಇಡುವುದಾದರೆ ಫೋಟೊ ಏರಿಸಲು ಸ್ಪರ್ಧಿ ಗೂಗಲ್ ಖಾತೆಗೆ ಲಾಗಿನ್ ಆಗಿರಬೇಕು, ಹಿಂದಿನ ದಿನವೇ ಎಲ್ಲರಿಂದ ಒಂದು ಪರೀಕ್ಷೆಯ ಫೋಟೊ ತರಿಸಿ. ಕುದ್ರುಗಳ (ನದಿ ನಡುವಿನ ದ್ವೀಪಗಳ) ಹಿಂದೆ ಸಿಗ್ನಲ್ ಸಿಗದೆ ಹೋಗಬಹುದು, "ಹಿಡಿದ ಕೂಡಲೇ ಕಳಿಸು" ಎಂಬ ನಿಯಮ ಬೇಡ.

ಪಂಚಗಂಗಾವಳಿ ಗಾಳ:

ಬಹಳ ಉಪಕಾರವಾಯಿತು. ಮೂರು ಮೀನು, 1 / 1.75 / 1.6 ಎಂದು ಬರೆದುಕೊಂಡೆ. ಇನ್ನೊಂದು ಪ್ರಶ್ನೆ: ಮೀನು ಜೀವಂತ ಹೋಯಿತು ಎಂದು ತಿಳಿಯುವುದು ಹೇಗೆ? ಬಿಡುವಾಗ 10 ಸೆಕೆಂಡಿನ ವಿಡಿಯೊ ಕಡ್ಡಾಯ ಮಾಡೋಣವೇ?

ಶರಾವತಿ ತೀರ:

ಕಡ್ಡಾಯ ಬೇಡ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ 70ರ ಬಾರಾ ಹಿಡಿದರೆ ಮೀನಿನ ಹೊಟ್ಟೆಗೆ ಆಧಾರ ಇರುವುದಿಲ್ಲ, ಅದರ ಕಿವಿರುಮುಚ್ಚಳದ ಅಂಚು ಬ್ಲೇಡಿನ ಹಾಗೆ ಬೆರಳು ಕೊಯ್ಯುತ್ತದೆ. ವಿಡಿಯೊ ಬಂದರೂ ನೀವು ನೋಡುವುದು ಸತ್ತ ಮೀನನ್ನು, ಅದನ್ನು ಬದುಕಿಸುವುದಿಲ್ಲ. ಅದರ ಬದಲು ಸಾಯುವ ಕಾರಣ ತಪ್ಪಿಸಿ. ಟ್ರೆಬಲ್ ಹುಕ್ (ಮೂರು ಕೊಕ್ಕೆಯ ಗಾಳ) ತೆಗೆದು ಒಂಟಿ ಗಾಳ ಹಾಕಬೇಕು, ಒಳಮುಳ್ಳನ್ನು ಇಕ್ಕಳದಲ್ಲಿ ಅದುಮಿರಬೇಕು. ಹೊರಡುವಾಗ ಬಟ್ಟೆಯ ತುಂಡಿಗೆ ಗಾಳ ಚುಚ್ಚಿ ಎಳೆದು ನೋಡಿ, ಸಿಕ್ಕಿಕೊಳ್ಳದೆ ಬಂದರೆ ಸರಿ. ಹಲಗೆಯನ್ನು ಮೀನು ಇಡುವ ಮುಂಚೆ ನೀರಲ್ಲಿ ಅದ್ದಬೇಕು, ಬಿಸಿಲಿಗೆ ಕಾದ ಹಲಗೆ ಮೀನಿನ ಲೋಳೆ ಸುಡುತ್ತದೆ. ಫೋನು, ಬಿಲ್ಲೆ, ಹಲಗೆ ಮೂರೂ ಸಿದ್ಧವಾಗುವವರೆಗೆ ಮೀನು ಬಲೆಚೀಲದಲ್ಲಿ ನೀರೊಳಗೇ ಇರಲಿ. ಬಾರಾ ಗಂಡಾಗಿ ಬೆಳೆದು, ದೊಡ್ಡದಾದ ಮೇಲೆ ಹೆಣ್ಣಾಗುವ ಮೀನು. ಬಹುಮಾನ ತರುವ ದೊಡ್ಡ ಮೀನೇ ಮೊಟ್ಟೆಯಿಡುವ ತಾಯಿ, ಅದನ್ನು ಕಳೆದುಕೊಂಡರೆ ಆ ನೀರಿಗೇ ನಷ್ಟ.

ಅಳಿವೆ ಬಾಯಿ:

ಯಾರೂ ಸೆಳೆತದ ಬಗ್ಗೆ ಮಾತಾಡಲಿಲ್ಲ. ಅಂಕಕ್ಕಿಂತ ಮುಂಚೆ ಅದನ್ನು ನೋಡಿ. ಪ್ಯಾಡ್ಲ್ ಮಾಡುವವನು ಗಂಟೆಗೆ ಸುಮಾರು 5 ಕಿ.ಮೀ. ಹೋಗುತ್ತಾನೆ. ಇಳಿತದ ನೀರು ಸೆಕೆಂಡಿಗೆ ಒಂದು ಮೀಟರ್ ಹರಿದರೆ ಗಂಟೆಗೆ 3.6 ಕಿ.ಮೀ., ಅದಕ್ಕೆ ಎದುರಾಗಿ ಅವನಿಗೆ ಉಳಿಯುವುದು ಗಂಟೆಗೆ ಒಂದೂವರೆಯೂ ಇಲ್ಲ. ಮೋಟರಿನವನಿಗೆ ಇದು ಲೆಕ್ಕವೇ ಅಲ್ಲ. ಆದ್ದರಿಂದ ಆ ಎರಡು ಮೋಟರ್ ಬಿಚ್ಚಿಡಿಸಿ, ಅಥವಾ ಅವರಿಗೆ ಬೇರೆ ವಿಭಾಗ. ಎರಡೇ ಜನರ ವಿಭಾಗಕ್ಕೆ ಅರ್ಥವಿಲ್ಲ, ಬಿಚ್ಚಿಡಿಸುವುದೇ ಸರಿ. ಪ್ಯಾಡ್ಲ್–ಪೆಡಲ್ ನಡುವಿನ ಅಂತರ ಕಡಿಮೆ ಮಾಡಲು ಕ್ಯಾಂಪಿನಿಂದ 3 ಕಿ.ಮೀ. ಒಳಗೇ ಗಡಿ ಹಾಕಿ. ದೂರ ಸಣ್ಣದಾದಷ್ಟೂ ವೇಗದ ಲಾಭ ಸಣ್ಣದು.

ಹುಣ್ಣಿಮೆ–ಅಮಾವಾಸ್ಯೆಯ ಹತ್ತಿರ ದಿನ ಇಡಬೇಡಿ. ಅಷ್ಟಮಿಯ ಆಸುಪಾಸು ನೀರಿನ ಏರಿಳಿತ ಕಡಿಮೆ, ಸೆಳೆತವೂ ಕಡಿಮೆ. ಟೈಡ್ ಟೇಬಲ್ ನೋಡಿ, ವಾಪಸು ಬರುವ ಹೊತ್ತಿಗೆ ಇಳಿತ ಇದ್ದರೆ ಆಟದ ಜಾಗ ಕ್ಯಾಂಪಿನಿಂದ ಮೇಲ್ಗಡೆ ಇರಲಿ, ಸುಸ್ತಾದವನನ್ನು ನೀರೇ ತಂದುಬಿಡುತ್ತದೆ. ಅಳಿವೆ ಬಾಯಿಯಿಂದ ಒಂದು ಕಿ.ಮೀ. ಒಳಗೆ ಗೆರೆ ಎಳೆದು, ಅದನ್ನು ದಾಟಿದವರ ಇಡೀ ದಿನದ ಅಂಕ ರದ್ದು ಮಾಡಿ. ದಿನ ಒಂದು ವಾರ ಮುಂದೆ ಹೋದರೆ ಈ ಲೆಕ್ಕ ಎಲ್ಲ ತಿರುಗಿಬೀಳುತ್ತದೆ, ನೀರಿನ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಜಾರುತ್ತದೆ.

ಸಮಯ: 7ಕ್ಕೆ ಗಾಳ ಹಾಕುವುದು, 12:30ಕ್ಕೆ ನಿಲ್ಲಿಸುವುದು, 1:30ಕ್ಕೆ ಕ್ಯಾಂಪಿನಲ್ಲಿ ಹಾಜರಿ. ತಡವಾದರೆ ನಿಮಿಷಕ್ಕೆ 2 ಅಂಕ ಕಡಿತ, 15 ನಿಮಿಷ ದಾಟಿದರೆ ಸೊನ್ನೆ. "ಒಂದು ನಿಮಿಷ ತಡ, ಔಟ್" ಎಂದು ಇಟ್ಟರೆ ಜನ ದಣಿದ ಕೈಯಲ್ಲಿ ಸಾಹಸ ಮಾಡುತ್ತಾರೆ. ಲೈಫ್ ಜಾಕೆಟ್ ಬಕಲ್ ಹಾಕಿಯೇ ಇರಬೇಕು, ಫೋಟೊದಲ್ಲಿ ಬಿಚ್ಚಿದ್ದು ಕಂಡರೂ ಔಟ್. ಊರಿನ ಮೀನುಗಾರರ ಎರಡು ದೋಣಿಯನ್ನು ಬಾಡಿಗೆಗೆ ಹಿಡಿದು ನೀರಿನಲ್ಲಿ ನಿಲ್ಲಿಸಿ. ಕರಾವಳಿ ಕಾವಲು ಪೊಲೀಸರಿಗೆ, ಮೀನುಗಾರಿಕೆ ಇಲಾಖೆಗೆ ಮೊದಲೇ ಪತ್ರ ಕೊಡಿ.

ಇನ್ನೊಂದು ಮಾತು, ಮೀನು ಸಾಕುವ ಪಂಜರ. ಸಾಕಿದ ಬಾರಾ ತಪ್ಪಿಸಿಕೊಂಡು, ಬಿದ್ದ ಮೇವಿಗೆ ಸಣ್ಣ ಮೀನು ಸೇರಿ, ಪಂಜರದ ಸುತ್ತ ಯಾವಾಗಲೂ ಮೀನು ಇರುತ್ತದೆ. ಅಲ್ಲಿ ಮೊದಲು ತಲುಪಿದವನು ಗೆದ್ದ ಹಾಗೆ, ಲ್ಯೂರ್ ಸಿಕ್ಕಿ ಬಲೆ ಹರಿದರೆ ಸಾಕಿದವನ ವರ್ಷದ ದುಡಿಮೆ ಹೋದ ಹಾಗೆ. ಪಂಜರದಿಂದ, ಕಂತುಬಲೆಯಿಂದ 50 ಮೀಟರ್ ದೂರ ಎಂದು ಬರೆಯಿರಿ.

ಬೈಂದೂರು ಕಡೆಯವ:

ಪಂಜರದ ಮಾತು ನೂರಕ್ಕೆ ನೂರು ಸರಿ.

ಪಂಚಗಂಗಾವಳಿ ಗಾಳ:

ಮೋಟರ್ ಇದ್ದ ಇಬ್ಬರಿಗೂ ಫೋನ್ ಮಾಡಿದೆ, ಬಿಚ್ಚಿಡಲು ಒಪ್ಪಿದರು. ಕೊನೆಯ ಪ್ರಶ್ನೆ: ಸಮಬಲ ಬಂದರೆ? ಮತ್ತೆ ತಕರಾರು ಯಾರು ಕೇಳಬೇಕು?

ಕಾಂಡ್ಲಾ ನೆರಳು:

ಸಮಬಲಕ್ಕೆ ಮೊದಲು ಅತಿ ಹೆಚ್ಚು ಅಂಕದ ಒಂದು ಮೀನು, ಅದೂ ಸಮ ಆದರೆ ಎರಡನೆಯದು, ಆಮೇಲೆ ಮೂರನೆಯದು. ಎಲ್ಲವೂ ಸಮ ಆದರೆ ಮೂರನೆಯ ಮೀನನ್ನು ಮೊದಲು ಹಿಡಿದವರಿಗೆ.

ಸ್ಪರ್ಧಿಸದ ಇಬ್ಬರು ತೀರ್ಪುಗಾರರು ಬೇರೆ ಬೇರೆ ಕೂತು ಓದಲಿ. ಅವರ ಕೈಗೆ ಹೆಸರು ಹೋಗಬಾರದು, ಬಿಲ್ಲೆಯ ಸಂಖ್ಯೆ ಮಾತ್ರ. ಇಬ್ಬರ ಓದು ಬೇರೆಯಾದರೆ ಮೂರನೆಯವರು ನೋಡಿ ಹೇಳಿದ್ದು ಅಂತಿಮ. ಬಹುಮಾನದ ಸಾಲಿನಲ್ಲಿರುವ ಎಲ್ಲರ ಫೋಟೊಗಳನ್ನೂ ಟಿವಿಯಲ್ಲೋ ಲ್ಯಾಪ್‌ಟಾಪಿನಲ್ಲೋ ಎಲ್ಲರಿಗೂ ತೋರಿಸಿ, 30 ನಿಮಿಷ ತಕರಾರಿಗೆ ಬಿಡಿ. ತಕರಾರು ಬಾಯಿಮಾತಿನಲ್ಲಿ ಬೇಡ, ಚೀಟಿಯಲ್ಲಿ ಬಿಲ್ಲೆ ಸಂಖ್ಯೆ ಮತ್ತು ಯಾವ ನಿಯಮ ಎಂದು ಬರೆದು ಕೊಡಬೇಕು. ಆ ಅರ್ಧ ಗಂಟೆ ಮುಗಿಯುವವರೆಗೆ ಬಹುಮಾನದ ಹೆಸರು ಕೂಗಬೇಡಿ.