ಸಮಸ್ಯೆ: ಮುರಿದ ಮೂಳೆಯೆ ವಜ್ರವಾಯಿತು ಹಗೆಯ ಕಣ್ಮುಂದೆ

ಭಾಮಿನಿ ಷಟ್ಪದಿಯ ಕೊನೆಯ ಸಾಲು ಇದು. ಉಳಿದ ಐದು ಸಾಲು ನಿಮ್ಮದು. ರಕಾರದ ಪ್ರಾಸ ತಪ್ಪದಿರಲಿ.

— ಮೇಷ್ಟ್ರೇ, ಮೂಳೆ, ವಜ್ರ ಅಂದ ಕೂಡಲೇ ಇಂದ್ರನ ವಜ್ರಾಯುಧಕ್ಕೆ ತಮ್ಮ ಮೂಳೆ ಕೊಟ್ಟ ದಧೀಚಿ ನೆನಪಾದರು. ಎರಡು ಸಾಲು ಬಂತು, ಮುಂದೆ ಹೋಗುತ್ತಿಲ್ಲ:

ಸುರರು ಬೇಡಲು ನಗುತ ಮುನಿಪನು
ಕರಗಿ ತನ್ನೆಲುಬನ್ನೆ ಕೊಟ್ಟನು

ಆದರೆ ದಧೀಚಿಯ ಮೂಳೆ ಮುರಿದಿರಲಿಲ್ಲ ಅಲ್ವಾ? ‘ಮುರಿದ’ ಅನ್ನುವಲ್ಲೇ ಸಿಕ್ಕಿಬಿದ್ದೆ.

— ಆ ‘ಮುರಿದ’ ಎಂಬ ಮಾತೇ ನನ್ನನ್ನು ಬಡ್ಗಾಮ್‌ಗೆ ಕರೆದುಕೊಂಡು ಹೋಯಿತು. 1947ರ ನವೆಂಬರ್ 3, ಪಾಕಿಸ್ತಾನದ ಕಡೆಯಿಂದ ದಾಳಿಕೋರರು ಕಾಶ್ಮೀರಕ್ಕೆ ನುಗ್ಗಿದ್ದ ಹೊತ್ತು. ಶ್ರೀನಗರದ ವಿಮಾನ ನಿಲ್ದಾಣದ ಹತ್ತಿರದ ಊರು ಅದು. ಅಲ್ಲಿದ್ದದ್ದು ಕುಮಾವೂಂ ರೆಜಿಮೆಂಟಿನ 4ನೇ ಬೆಟಾಲಿಯನ್ನಿನ ಡಿ ಕಂಪನಿ, ಅದರ ಮೇಜರ್ ಸೋಮನಾಥ ಶರ್ಮಾ. ಹಾಕಿ ಆಡುವಾಗ ಮುರಿದ ಎಡಗೈಗೆ ಪ್ಲಾಸ್ಟರ್ ಹಾಕಿತ್ತು. ಆದರೂ ಹಟ ಹಿಡಿದು ತಮ್ಮ ಹುಡುಗರ ಜೊತೆಗೇ ಬಂದಿದ್ದರು. ನನ್ನ ಪೂರಣ:

ಕರಕೆ ಪಟ್ಟಿಯ ಬಿಗಿದು ಬಂದನು
ಇರುವೆ ಸಾಲೊಲು ವೈರಿ ಬರುತಿರೆ
ತೆರೆದ ಬಯಲಲಿ ಓಡಿಯಾಡುತ ಧೈರ್ಯ ತುಂಬಿದನು
ಬರಿಯ ಬಲಗೈ ಒಂದರಿಂದಲೆ
ತುರುಕಿ ಗುಂಡನು ಗನ್ನಿಗಿತ್ತನು
ಮುರಿದ ಮೂಳೆಯೆ ವಜ್ರವಾಯಿತು ಹಗೆಯ ಕಣ್ಮುಂದೆ

ನಾಲ್ಕನೇ, ಐದನೇ ಸಾಲು ಸುಮ್ನೆ ಪ್ರಾಸಕ್ಕೆ ಬಂದದ್ದಲ್ಲ. ನಮ್ಮವರು ಒಬ್ಬರಿದ್ದರೆ ಎದುರಿಗೆ ಏಳು ಜನ. ಒಬ್ಬೊಬ್ಬರಾಗಿ ಬೀಳುತ್ತಾ ಹೋದಂತೆ ಲೈಟ್ ಮೆಷಿನ್ ಗನ್ನುಗಳ ಸದ್ದು ಕಡಿಮೆಯಾಯಿತು. ಆಗ ಮೇಜರ್ ತಾವೇ ಮ್ಯಾಗಜಿನ್‌ಗಳಿಗೆ ಗುಂಡು ತುಂಬಿ ಗನ್ನು ಹಿಡಿದವರಿಗೆ ಕೊಡುತ್ತಾ ಹೋದರು. ಮ್ಯಾಗಜಿನ್ ತುಂಬಲು ಒಂದು ಕೈ ಹಿಡಿಯಬೇಕು, ಇನ್ನೊಂದು ಕೈ ಒತ್ತಬೇಕು. ಪ್ಲಾಸ್ಟರಿನ ಕೈಯಲ್ಲಿ ಅದನ್ನು ಹೇಗೆ ಅವುಚಿಕೊಂಡರೋ! ಐದನೇ ಸಾಲಿಗೆ ಜಾಸ್ತಿ ಹೊತ್ತು ಹಿಡಿದದ್ದು ಅದಕ್ಕೇ. ಹಾಗೆ ತುಂಬುತ್ತಿರುವಾಗಲೇ ಮದ್ದುಗುಂಡಿನ ರಾಶಿಯ ಮೇಲೆ ಮೋರ್ಟಾರ್ ಶೆಲ್ ಬಿತ್ತು. ಆಗ ಅವರಿಗೆ 24 ವರ್ಷ.

ಅದಕ್ಕೆ ಸ್ವಲ್ಪ ಮುಂಚೆ ಬ್ರಿಗೇಡಿಗೆ ಹೇಳಿ ಕಳಿಸಿದ್ದರು: ಹಗೆಗಳು 50 ಗಜ ದೂರದಲ್ಲಿದ್ದಾರೆ, ಒಂದಿಂಚೂ ಹಿಂದೆ ಸರಿಯುವುದಿಲ್ಲ, ಕೊನೆಯ ಆಳು, ಕೊನೆಯ ಗುಂಡು ಇರುವ ತನಕ ಹೋರಾಡುತ್ತೇನೆ. ಇದನ್ನು ಪದ್ಯಕ್ಕೆ ತರಲು ನೋಡಿದೆ, ಮನಸ್ಸು ಒಪ್ಪಲಿಲ್ಲ. ಹೇಳಿದ ಹಾಗೇ ಇರಲಿ.

— ಓದಿ ಕಣ್ಣು ತುಂಬಿತು. ಮೊದಲು ಬರೆದವರೇ, ನಿಮ್ಮ ದಧೀಚಿಯನ್ನೂ ಬಿಡಬೇಡಿ. ಪರಮವೀರ ಚಕ್ರದ ಪದಕದ ಮೇಲೆ ನಾಲ್ಕು ಇಂದ್ರವಜ್ರಗಳಿವೆ. ಅದನ್ನು ರೂಪಿಸಿದ ಸಾವಿತ್ರಿ ಖಾನೋಲ್ಕರ್ ಅವರ ಮನಸ್ಸಿನಲ್ಲಿದ್ದದ್ದು ದಧೀಚಿಯ ಕಥೆಯೇ. ಆ ಪದಕ ಮೊಟ್ಟಮೊದಲು ಸಂದದ್ದು ಸೋಮನಾಥ ಶರ್ಮರಿಗೆ. ಅವರ ತಮ್ಮ ಸಾವಿತ್ರಿಯವರ ಅಳಿಯ! ಇನ್ನೊಂದು ಮಾತು, ಬರ್ಮಾ ಯುದ್ಧದಲ್ಲಿ ಶರ್ಮಾ ನಮ್ಮ ಕೊಡಗಿನ ತಿಮ್ಮಯ್ಯನವರ ಕೈಕೆಳಗೆ ಹೋರಾಡಿದವರು.

ಪೂರಣದಲ್ಲಿ ‘ಇರುವೆ’ ಮಾತ್ರ ನನಗೆ ಹಿಡಿಸಲಿಲ್ಲ. ಮೋರ್ಟಾರ್ ಹಾರಿಸುತ್ತಾ ಮೂರು ಕಡೆಯಿಂದ ಮುತ್ತಿದವರು ಇರುವೆಗಳಲ್ಲ. ಹಗೆಯನ್ನು ಸಣ್ಣದು ಮಾಡಿದರೆ ಎದುರು ನಿಂತವರೂ ಸಣ್ಣವರಾಗುತ್ತಾರೆ. ‘ಉರಿಯ ಮಳೆಯೊಲು ವೈರಿ ಬರುತಿರೆ’ ಅಂದರೆ ಹೇಗೆ? ಮಾತ್ರೆಯೂ ಕೂಡುತ್ತದೆ, ಪ್ರಾಸವೂ ಉಳಿಯುತ್ತದೆ.

— ಉರಿಯ ಮಳೆ. ಹೌದು ಮೇಷ್ಟ್ರೇ, ಅದೇ ಸರಿ. ತಿದ್ದಿಕೊಂಡೆ.